ಹ್ಯಾಂಡಲ್ಲಿನ ಸ್ಪ್ರಿಂಗು

ವಿಡಿಯೋ ಗೇಮ್ ಮಿಷನ್ನಿನಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಯಾವುದು ಅಂದರೆ ಹ್ಯಾಂಡಲ್ಲಿನ ಬುಡಕ್ಕೆ ಕೂತಿರುವ ಸ್ಪ್ರಿಂಗು. ಹೆಬ್ಬೆರಳಿನ ಗೆಣ್ಣಿನಷ್ಟೇ ಅದರ ಗಾತ್ರ. ಪರದೆ ಹೋದರೆ, ಬೋರ್ಡು ಸುಟ್ಟರೆ ಅಂಗಡಿಯವನು ತಲೆಮೇಲೆ ಕೈಹೊತ್ತು ಕೂರುತ್ತಾನೆ. ಸ್ಪ್ರಿಂಗು ಸೋತರೆ ಅವನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಆಡುವ ಹುಡುಗನಿಗೆ, ಅದೂ ಅವನ ಅಂಗೈಗೆ. ಈ ಮಿಷನ್ ಸರಿ ಇಲ್ಲ ಎಂದು ಎದ್ದು ಪಕ್ಕದ ಮಿಷನ್ನಿಗೆ ಹೋಗುತ್ತಾನೆ. ಏನು ಸರಿ ಇಲ್ಲ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ನಾನು ಬರೆಯುತ್ತಿರುವುದು ಆ ಹುಡುಗನ ಪರವಾಗಿ. ಅವನ ಅಂಗೈ ಹೇಳಿದ್ದು ಖರೆ. ಅದಕ್ಕೊಂದು ಕಾರಣವಿದೆ, ಆ ಕಾರಣವನ್ನು ಯಾರಾದರೂ ಕೈಯಾರೆ ಸರಿಪಡಿಸಬಹುದು.

ತೊಂಬತ್ತರ ದಶಕದ ಕೊನೆಗೆ ಬಸವಕಲ್ಯಾಣದಲ್ಲಿ ನಮ್ಮ ಮಾಮಾ ಒಂದು ಗೇಮ್ ಅಂಗಡಿ ಇಟ್ಟಿದ್ದರು. ಕೋಟೆಯ ಕಡೆ ಹೋಗುವ ಗಲ್ಲಿಯಲ್ಲಿ ಒಂದು ಖೋಲಿ, ಬಿಸಿಲು ಪರದೆಯ ಮೇಲೆ ಬೀಳಬಾರದೆಂದು ಅರ್ಧ ಇಳಿಸಿದ ಶಟರು, ಒಳಗೆ ಪ್ಲೈವುಡ್ಡಿನ ಕೆಲವು ಮಿಷನ್ನುಗಳು. ಒಂದು ರೂಪಾಯಿಗೆ ಒಂದು ಆಟ. ಗಿರಾಕಿಗಳಲ್ಲಿ ಮುಕ್ಕಾಲು ಜನ ಬರುತ್ತಿದ್ದುದು ಮುಸ್ತಫಾಗೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ಆ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ಅದರಲ್ಲಿ ಆರಿಸಿಕೊಳ್ಳಲು ನಾಲ್ವರಿದ್ದಾರೆ, ಅವರಲ್ಲಿ ಮುಸ್ತಫಾ ಕೈರೋ ಒಬ್ಬ. ಇಂಡಿಯಾದ ಎಷ್ಟೋ ಊರುಗಳಲ್ಲಿ ಆದಂತೆ ನಮ್ಮಲ್ಲೂ ಇಡೀ ಆಟಕ್ಕೆ ಅವನ ಹೆಸರೇ ನಿಂತಿತು. ನಮ್ಮ ಓಣಿಯಲ್ಲಿಯೇ ಮುಸ್ತಫಾ ಎಂಬ ಹೆಸರಿನ ಹುಡುಗರಿದ್ದರು. ಪರದೆಯ ಮೇಲೆ ತಮ್ಮ ಹೆಸರಿನವನು ಡೈನೋಸಾರುಗಳ ನಡುವೆ ಓಡುವುದನ್ನು ಅವರು ನೋಡುತ್ತಿದ್ದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಈ ಓಡುವುದರಲ್ಲೇ ಸ್ಪ್ರಿಂಗಿನ ಗುಟ್ಟಿತ್ತು. ಮುಸ್ತಫಾ ನಡೆಯುವುದಕ್ಕೆ ಹ್ಯಾಂಡಲನ್ನು ಮುಂದಕ್ಕೆ ಒತ್ತಿ ಹಿಡಿದರಾಯಿತು. ಓಡಬೇಕಾದರೆ ಟಕ್‌ಟಕ್ ಎಂದು ಎರಡು ಸಲ ತಳ್ಳಬೇಕು. ಹ್ಯಾಂಡಲ್ಲಿನ ಸುತ್ತ ನಾಲ್ಕು ಕಡೆ ನಾಲ್ಕು ಮೈಕ್ರೋಸ್ವಿಚ್ ಇರುತ್ತವೆ, ಯಾವ ಕಡೆ ವಾಲಿಸಿದರೆ ಆ ಕಡೆಯ ಸ್ವಿಚ್ಚು ಕಚ್ಚುತ್ತದೆ. ಮಿಷನ್ನು ಸೆಕೆಂಡಿಗೆ ಸುಮಾರು 60 ಸಲ ಅವನ್ನು ನೋಡಿಕೊಳ್ಳುತ್ತದೆ. ಎರಡು ತಳ್ಳುವಿಕೆಗಳ ನಡುವೆ ಹ್ಯಾಂಡಲ್ಲು ನಡುಮಧ್ಯಕ್ಕೆ ಬಂದು, ಸ್ವಿಚ್ಚು ಬಿಟ್ಟುಕೊಂಡಿರಬೇಕು. ಸ್ಪ್ರಿಂಗು ಸೋತಿದ್ದರೆ ಹ್ಯಾಂಡಲ್ಲು ತಡವಾಗಿ ಬರುತ್ತದೆ, ಅಷ್ಟರಲ್ಲಿ ಹುಡುಗನ ಕೈ ಎರಡನೇ ಸಲ ತಳ್ಳಿಬಿಟ್ಟಿರುತ್ತದೆ. ಮಿಷನ್ನಿನ ಲೆಕ್ಕಕ್ಕೆ ಅದು ಒಂದೇ ಉದ್ದನೆಯ ಒತ್ತು. ಮುಸ್ತಫಾ ಓಡುವುದಿಲ್ಲ, ನಡೆಯುತ್ತಾನೆ, ಎದುರಿನಿಂದ ಬಂದವರ ಏಟು ತಿಂದು ಬೀಳುತ್ತಾನೆ. ಹುಡುಗನ ಒಂದು ರೂಪಾಯಿ ಹೋಗುತ್ತದೆ. ಆ ಕಾಲಕ್ಕೆ ಆ ರೂಪಾಯಿಯನ್ನು ಅವನು ಮನೆಯಿಂದ ಹೇಗೆ ತಂದಿದ್ದ ಎಂಬುದು ನೆನಪಿದ್ದವರಿಗೆ ಇದು ಸಣ್ಣ ಮಾತಾಗಿ ಕಾಣುವುದಿಲ್ಲ.

ಹ್ಯಾಂಡಲ್ಲುಗಳು ಕೆಟ್ಟರೆ ಅವನ್ನು ಚೀಲದಲ್ಲಿ ಹಾಕಿಕೊಂಡು ಹುಮನಾಬಾದಿಗೆ ಒಯ್ಯುವ ಕೆಲಸ ನನ್ನದು. ಬಸ್ಸು ಸಸ್ತಾಪುರ ಬಂಗ್ಲಾಕ್ಕೆ ಬಂದು ಹೆದ್ದಾರಿ ಹಿಡಿದು, ರಾಜೇಶ್ವರ ದಾಟಿ ಹುಮನಾಬಾದ್ ಮುಟ್ಟುತ್ತದೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಲಾರಿಗಳೆಲ್ಲ ಇದೇ ರಸ್ತೆಯಲ್ಲಿ ಹಾಯಬೇಕು. ಲಾರಿ ಇದ್ದಲ್ಲಿ ಗ್ಯಾರೇಜು, ಗ್ಯಾರೇಜು ಇದ್ದಲ್ಲಿ ಸ್ಪ್ರಿಂಗು. ಬ್ರೇಕಿನದು, ಕಾರ್ಬುರೇಟರಿನದು, ಕ್ಲಚ್ಚಿನದು, ಸ್ಕೂಟರಿನ ಸ್ಟ್ಯಾಂಡಿನದು, ಎಲ್ಲ ಬಗೆಯವೂ ಡಬ್ಬಿ ಡಬ್ಬಿಯಲ್ಲಿ ಎಣ್ಣೆ ಹಚ್ಚಿಕೊಂಡು ಬಿದ್ದಿರುತ್ತಿದ್ದವು. ಅಂಥ ಡಬ್ಬಿಗಳ ನಡುವೆ ಕೂತು ರೇಡಿಯೋ, ಟೇಪು, ಮಿಕ್ಸರು, ಹೊಲಿಗೆ ಮಿಷನ್ನು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ ಒಬ್ಬರು ಉಸ್ತಾದರಿದ್ದರು. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು, ನಾನು ಚಾಚಾ ಅನ್ನುತ್ತಿದ್ದೆ.

ಹ್ಯಾಂಡಲ್ಲನ್ನು ಕೈಗೆ ಕೊಟ್ಟರೆ ಅವರು ಕೇಳುವ ಮೊದಲ ಪ್ರಶ್ನೆ ಒಂದೇ.

"ಯಾವ ಆಟಕ್ಕೋ ತಮ್ಮಾ ಇದು?"

ಏನಾಗಿದೆ ಎಂದು ಕೇಳುತ್ತಿರಲಿಲ್ಲ. ಏನಾಗಿದೆ ಎಂಬುದು ಅವರ ಕೈಗೇ ತಿಳಿಯುತ್ತಿತ್ತು. ಎಡಗೈಯಲ್ಲಿ ತಳದ ಪಟ್ಟಿಯನ್ನು ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳಿನಿಂದ ಗುಂಡಿಯನ್ನು ಮೆಲ್ಲಗೆ ನಾಲ್ಕೂ ಕಡೆ ವಾಲಿಸಿ, ಕಡೆಗೊಮ್ಮೆ ಪೂರ್ತಿ ವಾಲಿಸಿ ಥಟ್ಟನೆ ಬಿಡುತ್ತಿದ್ದರು. ಬಿಟ್ಟ ಹ್ಯಾಂಡಲ್ಲು ನಡುವಿಗೆ ಬಂದು ನಿಲ್ಲಬೇಕು. ನಡು ದಾಟಿ ಆ ಕಡೆಯ ಸ್ವಿಚ್ಚಿಗೆ ಟಿಕ್ ಎಂದು ಬಡಿದು ಮತ್ತೆ ವಾಪಸ್ ಬಂದರೆ ಸ್ಪ್ರಿಂಗಿಗೆ ಹಿಡಿತ ಸಾಲದು. ಆ ಟಿಕ್ ಶಬ್ದಕ್ಕೆ ಅವರು ಕಿವಿ ಹಚ್ಚುತ್ತಿದ್ದರು. ಮುಂದಕ್ಕೆ ತಳ್ಳಿ ಕೈಬಿಟ್ಟರೆ ಹಿಂದೆ ಹೋಗುವ ಆಟಗಾರನ ಪಾಡು ಆ ಒಂದು ಟಿಕ್‌ನಲ್ಲಿ ಇರುತ್ತದೆ.

ಬಿಚ್ಚುವ ರೀತಿಯೂ ನನ್ನ ಕಣ್ಣಲ್ಲಿ ನಿಂತಿದೆ. ಹ್ಯಾಂಡಲ್ಲನ್ನು ತಲೆಕೆಳಗು ಮಾಡಿದರೆ ನಡುವೆ ಉಕ್ಕಿನ ಸಲಾಕೆಯ ತುದಿ ಕಾಣುತ್ತದೆ. ಸಲಾಕೆಯ ಕುತ್ತಿಗೆಗೆ ಒಂದು ಸಣ್ಣ ಲಾಕು ಕಚ್ಚಿಕೊಂಡಿರುತ್ತದೆ, ಇಂಗ್ಲಿಷಿನ ದೊಡ್ಡ ಇ ಅಕ್ಷರದ ಹಾಗೆ. ಅದರ ಹಿಂದೆ ಸ್ವಿಚ್ಚುಗಳನ್ನು ಒತ್ತುವ ಪ್ಲಾಸ್ಟಿಕ್ಕಿನ ಬುಗುಡಿ, ಅದರ ಹಿಂದೆ ಸ್ಪ್ರಿಂಗು. ಇಡೀ ಜೋಡಣೆಯನ್ನು ಹಿಡಿದು ನಿಲ್ಲಿಸಿರುವುದು ಆ ಲಾಕೇ. ಬುಗುಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಸಣ್ಣ ಸ್ಕ್ರೂಡ್ರೈವರಿನಿಂದ ಲಾಕನ್ನು ಪಕ್ಕಕ್ಕೆ ಮೀಟಬೇಕು. ಮೀಟಿದ ಕೂಡಲೇ ಅದು ಹಾರುತ್ತದೆ. ಅದು ಎತ್ತ ಹಾರುತ್ತದೆಂದು ಹೇಳಲಾಗದು, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ಉಸ್ತಾದರು ಯಾವಾಗಲೂ ಮೇಲೊಂದು ಹಳೆಯ ಬನಿಯನ್ ಬಟ್ಟೆ ಮುಚ್ಚಿ, ಅದರ ಕೆಳಗೆ ಕೈಯಾಡಿಸಿಯೇ ಮೀಟುತ್ತಿದ್ದರು. ಬಟ್ಟೆಯೊಳಗೆ ಒಂದು ಸಣ್ಣ ಪಟ್ ಶಬ್ದ. ಆಮೇಲೆ ಬಟ್ಟೆ ಬಿಡಿಸಿ ಲಾಕನ್ನು ಆರಿಸಿ ಅಯಸ್ಕಾಂತಕ್ಕೆ ಅಂಟಿಸಿ ಇಡುತ್ತಿದ್ದರು.

ಸ್ಪ್ರಿಂಗನ್ನು ಬಿಗಿ ಮಾಡಲು ಬಹಳ ಜನ ಮಾಡುವ ಕೆಲಸವೆಂದರೆ ಕತ್ತರಿಸುವುದು. ಎರಡು ಸುತ್ತು ಕತ್ತರಿಸಿದರೆ ಗಿಡ್ಡ ಆಗುತ್ತದೆ, ಗಿಡ್ಡ ಆದರೆ ಬಿಗಿ ಬರುತ್ತದೆ ಎಂಬ ನಂಬಿಕೆ. ಮಾಮಾನೂ ಒಮ್ಮೆ ಹಾಗೇ ಹೇಳಿ ಕಳಿಸಿದ್ದರು. ಉಸ್ತಾದರು ಒಪ್ಪಲಿಲ್ಲ.

"ಕತ್ತರಿಸಬ್ಯಾಡ. ಕತ್ತರಿಸಿದ್ರ ನಡುವ ಸಡಲ ಆಗ್ತದ, ಅಂಚಿಗಿ ಬಿರುಸ ಆಗ್ತದ. ಎರಡೂ ಕಡಿ ಖರಾಬ್."

ಇದರ ಹಿಂದಿನ ಲೆಕ್ಕ ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಸ್ಪ್ರಿಂಗನ್ನು ಎಷ್ಟು ಒತ್ತಿದರೆ ಅಷ್ಟು ತಿರುಗಿ ಒತ್ತುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನ ರೂಪದಲ್ಲಿ ಅಚ್ಚು ಹಾಕಿಸಿ, 1678ರಲ್ಲಿ ಅದನ್ನು ಬಿಡಿಸಿ ಹೇಳಿದ. ಆ ನಿಯಮವನ್ನೇ ಹಿಡಿದು ನೋಡೋಣ. ಬಿಡಿಯಾಗಿದ್ದಾಗ 30 ಮಿಲಿಮೀಟರ್ ಉದ್ದ, 10 ಸುತ್ತು ಇರುವ ಒಂದು ಸ್ಪ್ರಿಂಗು ಹ್ಯಾಂಡಲ್ಲಿನೊಳಗೆ 20 ಮಿಲಿಮೀಟರಿನ ಜಾಗದಲ್ಲಿ ಕೂತಿದೆ ಅನ್ನಿ. ಅಂದರೆ ಕೈ ಹಚ್ಚುವ ಮೊದಲೇ ಅದು 10 ಮಿಲಿಮೀಟರ್ ಒತ್ತಿಕೊಂಡಿದೆ. ಹ್ಯಾಂಡಲ್ಲು ನಡುವೆ ಗಟ್ಟಿಯಾಗಿ ನಿಲ್ಲುವುದು ಈ ಒತ್ತಿನಿಂದ. ಈಗ ಎರಡು ಸುತ್ತು ಕತ್ತರಿಸಿದರೆ ಉದ್ದ 24 ಆಗುತ್ತದೆ, ಒಳಗಿನ ಒತ್ತು 4 ಮಿಲಿಮೀಟರಿಗೆ ಇಳಿಯುತ್ತದೆ. ಸುತ್ತು ಕಡಿಮೆಯಾದ್ದರಿಂದ ಸ್ಪ್ರಿಂಗಿನ ಬಿರುಸು ಕಾಲುಭಾಗ ಹೆಚ್ಚಿರುತ್ತದೆ, ನಿಜ. ಆದರೂ ನಡುವಿನ ಹಿಡಿತ ಮೊದಲಿನ ಅರ್ಧಕ್ಕೆ ಬಂದುಬಿಟ್ಟಿತು. ವಾಲಿಸುತ್ತ ಹೋದಂತೆ ಮಾತ್ರ ಮೊದಲಿಗಿಂತ ಬೇಗಬೇಗ ಬಿಗಿಯೇರುತ್ತದೆ. ನಡುವೆ ಜೋಲಿ, ಅಂಚಿಗೆ ಹೋದಂತೆ ಬಿರುಸು. ಉಸ್ತಾದರು ಒಂದೇ ಉಸಿರಿನಲ್ಲಿ ಹೇಳಿದ್ದು ಇದನ್ನೇ. ಅವರು ಶಾಲೆ ಎಷ್ಟು ಕಲಿತಿದ್ದರೋ ನಾನು ಕೇಳಿದವನಲ್ಲ, ಆದರೆ ಹುಕ್ ಹೇಳಿದ್ದು ಅವರ ಬೆರಳಿಗೆ ಪೂರ್ತಿ ಗೊತ್ತಿತ್ತು. ಹಗ್ಗ ಹೊಸೆದು ಕಾಯಕ ಮಾಡಿದ ನುಲಿಯ ಚಂದಯ್ಯ ಹನ್ನೆರಡನೇ ಶತಮಾನದಲ್ಲಿ ಬಾಳಿದ್ದು ನಮ್ಮ ಬಸವಕಲ್ಯಾಣದಲ್ಲೇ, ಆಗಿನ ಕಲ್ಯಾಣದಲ್ಲಿ. ಹುರಿಯ ಬಿಗಿಯನ್ನು ಬೆರಳಿನಿಂದ ಅಳೆಯುವವರನ್ನು ಕಂಡಾಗಲೆಲ್ಲ ನನಗೆ ಆತನ ನೆನಪಾಗುತ್ತದೆ.

ಉಸ್ತಾದರ ದಾರಿ ವಾಷರಿನದು. ಸ್ಪ್ರಿಂಗಿನ ಬುಡಕ್ಕೆ ತೆಳ್ಳನೆಯ ಒಂದು ವಾಷರ್ ಇಟ್ಟರೆ ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ, ಅದು ಮೊದಲೇ ಒತ್ತಿಕೊಂಡಿರುವ ಪ್ರಮಾಣ ಮಾತ್ರ ಏರುತ್ತದೆ. ಮೇಲಿನ ಲೆಕ್ಕದಲ್ಲಿ ಒಂದು ಮಿಲಿಮೀಟರಿನ ವಾಷರು ನಡುವಿನ ಹಿಡಿತವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸುತ್ತದೆ. ಸಾಲದಿದ್ದರೆ ಇನ್ನೊಂದು. ಒಂದೊಂದಾಗಿ ಇಟ್ಟು, ಪ್ರತಿ ಸಲವೂ ಹ್ಯಾಂಡಲ್ಲನ್ನು ವಾಲಿಸಿ ಬಿಟ್ಟು ಕಿವಿಗೊಟ್ಟು ನೋಡಬೇಕು. ಇದಕ್ಕೂ ಒಂದು ಮಿತಿ ಇದೆ. ವಾಷರುಗಳು ಜಾಸ್ತಿಯಾದರೆ ಸುತ್ತಿಗೆ ಸುತ್ತು ತಾಗಿ ಸ್ಪ್ರಿಂಗು ಕೊಳವೆಯಾಗಿಬಿಡುತ್ತದೆ, ಹ್ಯಾಂಡಲ್ಲು ಪೂರ್ತಿ ವಾಲುವುದಿಲ್ಲ. ಮೊದಲು ಹೋಗುವುದು ಮೂಲೆಗಳು, ಏಕೆಂದರೆ ಹ್ಯಾಂಡಲ್ಲು ಎಲ್ಲಕ್ಕಿಂತ ಹೆಚ್ಚು ವಾಲಬೇಕಾದದ್ದು ಮೂಲೆಗಳಿಗೆ. ಹ್ಯಾಂಡಲ್ಲಿನಿಂದಲೇ ಜಿಗಿಸುವ ಆಟಗಳಲ್ಲಿ ಪರದೆಯ ಮೇಲಿನವನು ಮುಂದಕ್ಕೆ ಜಿಗಿಯಬೇಕೆಂದರೆ ನೆಟ್ಟಗೆ ಮೇಲಕ್ಕೆ ಜಿಗಿಯುತ್ತಾನೆ. ಇನ್ನು ಸ್ಪ್ರಿಂಗನ್ನು ಎಳೆದು ಉದ್ದ ಮಾಡುವವರೂ ಇದ್ದಾರೆ. ಅದೂ ನಡುವಿನ ಒತ್ತನ್ನೇ ಏರಿಸುತ್ತದೆ, ಆದರೆ ಎಳೆಸಿಕೊಂಡ ಉಕ್ಕು ಬೇಗ ಕುಗ್ಗುತ್ತದೆ. ಹಬ್ಬಕ್ಕೆ ಮಾಡಿದ ರಿಪೇರಿ ಅಮಾವಾಸ್ಯೆಗೆ ಇರುವುದಿಲ್ಲ.

ಸ್ಪ್ರಿಂಗನ್ನೇ ಬದಲಿಸುವ ಪ್ರಸಂಗ ಬಂದರೆ ತಂತಿಯ ದಪ್ಪ ನೋಡಬೇಕು. ಇಲ್ಲಿ ಕಣ್ಣು ಮೋಸ ಹೋಗುತ್ತದೆ. ಸುರುಳಿಯ ಅಗಲ, ಸುತ್ತುಗಳ ಎಣಿಕೆ ಎರಡೂ ಹಾಗೇ ಇದ್ದು ತಂತಿ 0.8 ಮಿಲಿಮೀಟರಿನಿಂದ 0.9ಕ್ಕೆ ಏರಿದರೆ ಬಿರುಸು 1.6 ಪಟ್ಟು ಆಗುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ ಕೈಗೆ ಬೇರೆ ಮಿಷನ್ನೇ ಆಗಿ ಕಾಣುತ್ತದೆ. ಉಸ್ತಾದರು ಡಬ್ಬಿಯಿಂದ ಹುಡುಕಿ ತೆಗೆದ ಸ್ಪ್ರಿಂಗನ್ನು ಹಳೆಯದರ ಪಕ್ಕಕ್ಕೆ ಇಟ್ಟು, ಎರಡನ್ನೂ ಒಟ್ಟಿಗೆ ಚಿವುಟಿ, ಯಾವುದು ಮೊದಲು ಸೋಲುತ್ತದೆಂದು ನೋಡುತ್ತಿದ್ದರು. ತಕ್ಕಡಿ ಇಲ್ಲದೆ ಇದಕ್ಕಿಂತ ಒಳ್ಳೆಯ ತೂಕ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ತಿಳಿದಿದ್ದ ಮನುಷ್ಯ ಮೊದಲು ಕೇಳುತ್ತಿದ್ದದ್ದು ಯಾವ ಆಟಕ್ಕೆ ಎಂದು. ಅದು ಯಾಕೆ ಎಂಬುದು ನನಗೆ ಅರ್ಥವಾದದ್ದು ಸ್ಟ್ರೀಟ್ ಫೈಟರ್ ಮಿಷನ್ನಿನ ಮುಂದೆ. 1991ರ 'ಸ್ಟ್ರೀಟ್ ಫೈಟರ್ 2'ರಲ್ಲಿ ರ್ಯೂ ಎಂಬ ಪಾತ್ರ ಕೈಯಿಂದ ಬೆಂಕಿಯುಂಡೆ ಬಿಡಬೇಕಾದರೆ ಹ್ಯಾಂಡಲ್ಲನ್ನು ಕೆಳಗಿನಿಂದ ಮುಂದಕ್ಕೆ ಕಾಲು ಸುತ್ತು ಜಾರಿಸಬೇಕು, ಝಾಂಗೀಫ್ ಎಂಬ ಇನ್ನೊಬ್ಬ ಎದುರಾಳಿಯನ್ನು ಎತ್ತಿ ತಿರುಗಿಸಿ ಒಗೆಯಬೇಕಾದರೆ ಪೂರ್ತಿ ಸುತ್ತು ಬೇಕು. ಇಲ್ಲಿ ಬಿಗಿ ಸ್ಪ್ರಿಂಗು ಶತ್ರು. ಕೈ ಸುತ್ತಿನ ನಡುವೆ ಸ್ವಲ್ಪ ಸಡಿಲಿದರೆ ಸಾಕು, ಅದು ಹ್ಯಾಂಡಲ್ಲನ್ನು ನಡುವಿಗೆ ಎಳೆದುಕೊಂಡು ಸುತ್ತನ್ನು ಮುರಿಯುತ್ತದೆ. ಅದೇ ಆಟದ ಗೈಲ್ ಎಂಬುವವನಿಗೆ ಹ್ಯಾಂಡಲ್ಲನ್ನು ಹಿಂದಕ್ಕೆ ಹಿಡಿದು ಕಾಯ್ದು, ಆಮೇಲೆ ಒಮ್ಮೆಲೇ ಮುಂದಕ್ಕೆ ತಳ್ಳುವ ಪೆಟ್ಟು ಇದೆ. ಅವನನ್ನು ಆಡಿಸುವವನ ಮಣಿಕಟ್ಟು ಬಿಗಿ ಸ್ಪ್ರಿಂಗಿಗೆ ಬೇಗ ನೋಯುತ್ತದೆ. ಮುಸ್ತಫಾಗೆ ಚುರುಕಾಗಿ ವಾಪಸ್ ಬರುವ ಸ್ಪ್ರಿಂಗು, ರ್ಯೂಗೆ ಮೆತ್ತನೆಯದು. ಒಳ್ಳೆಯ ಸ್ಪ್ರಿಂಗು ಎಂದು ಹೇಳುವವನು ಯಾವ ಆಟಕ್ಕೆ, ಯಾರ ಕೈಗೆ ಎಂದೂ ಹೇಳಬೇಕು. ಅದನ್ನು ಬಿಟ್ಟು ಬರಿದೇ ಬಿಗಿಯದು ಒಳ್ಳೆಯದು, ಮೆತ್ತನೆಯದು ಒಳ್ಳೆಯದು ಎಂದು ವಾದಿಸುವವರ ಮಾತನ್ನು ನಾನು ಕೇಳುವುದಿಲ್ಲ.

ಹೊರಗಿನ ಲೋಕದಲ್ಲಿ ಇದು ಈಗ ದೊಡ್ಡ ವಿದ್ಯೆ. ಜಪಾನಿನ ಸಾನ್ವಾ ಕಂಪನಿಯ ಜೆಎಲ್‌ಎಫ್ ಹ್ಯಾಂಡಲ್ಲು ಕೈಗೆ ಮೆತ್ತಗಿರುವುದಕ್ಕೆ ಹೆಸರಾದದ್ದು. ಅದರ ಸ್ಪ್ರಿಂಗು ಸಾಲದೆಂದು ಸೇಮಿತ್ಸು ಎಂಬ ಇನ್ನೊಂದು ಕಂಪನಿಯ ಸ್ಪ್ರಿಂಗು ತಂದು ಒಳಗೆ ಕೂಡಿಸುವವರು ಎಷ್ಟೋ ಜನ. ಕೊರಿಯಾದವರ ಹ್ಯಾಂಡಲ್ಲಿನಲ್ಲಿ ಸ್ಪ್ರಿಂಗಿನ ಬದಲು ರಬ್ಬರಿನ ಬಳೆ ಇರುತ್ತದೆ, ಬೇರೆ ಬೇರೆ ಗಡಸಿನ ರಬ್ಬರು ಹಾಕಿ ಬಿಗಿ ಹೊಂದಿಸುತ್ತಾರೆ. ಹಿಂದಕ್ಕೆ ಥಟ್ಟಥಟ್ಟನೆ ಸರಿಯಬೇಕಾದ ಟೆಕ್ಕನ್ ಆಟದಲ್ಲಿ ಅದಕ್ಕೆ ಬಹಳ ಮಾನ. ಇವರೆಲ್ಲ ಕೇಳುವುದೂ ಉಸ್ತಾದರು ಕೇಳುತ್ತಿದ್ದದ್ದನ್ನೇ.

ಉಸ್ತಾದರಿಗೆ ಈ ಪ್ರಶ್ನೆ ಎಲ್ಲಿಂದ ಬಂದಿತ್ತೆಂದು ನಾನು ಒಂದು ಸಲ ಮಾಣಿಕನಗರದಲ್ಲಿ ಕಂಡೆ. ಹುಮನಾಬಾದಿಗೆ ಅಂಟಿಕೊಂಡಿರುವ ಮಾಣಿಕನಗರ ಮಾಣಿಕಪ್ರಭುಗಳ ಸ್ಥಾನ. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಬೆಳೆದು, ಹುಮನಾಬಾದಿನ ಪಕ್ಕದಲ್ಲಿ ನೆಲೆಸಿ 1865ರಲ್ಲಿ ಸಮಾಧಿಸ್ಥರಾದವರು ಅವರು. ನಮ್ಮ ಎರಡೂ ಊರುಗಳಿಗೆ ಅವರು ಸೇರಿದವರು. ದತ್ತ ಜಯಂತಿಗೆ ಅಲ್ಲಿ ಸಂಗೀತ ದರ್ಬಾರು ನಡೆಯುತ್ತದೆ. ಅದರ ಹಿಂದಿನ ದಿನಗಳಲ್ಲಿ ಭಜನೆಯವರು ತಮ್ಮ ಹಾರ್ಮೋನಿಯಂಗಳನ್ನು ಹೊತ್ತುಕೊಂಡು ಉಸ್ತಾದರನ್ನು ಹುಡುಕಿ ಬರುತ್ತಿದ್ದರು.

ಹಾರ್ಮೋನಿಯಂನ ಪ್ರತಿ ಪಟ್ಟಿಗೂ ಒಂದು ತಂತಿಯ ಸ್ಪ್ರಿಂಗು ಇದೆ. ಪಟ್ಟಿಯನ್ನು ಒತ್ತಿದರೆ ಗಾಳಿಯ ತೂತು ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗು ಮುಚ್ಚುತ್ತದೆ. ಬೆರಳಿಗೆ ಮೆತ್ತಗಿರಲಿ ಎಂದು ನುಡಿಸುವವರೆಲ್ಲ ಬಯಸುತ್ತಾರೆ. ಆದರೆ ಒಳಗೆ ತುಂಬಿದ ಗಾಳಿ ಆ ತೂತಿನ ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಸ್ಪ್ರಿಂಗು ಗಾಳಿಗಿಂತ ಸೋತರೆ ಮುಟ್ಟದ ಪಟ್ಟಿಯೂ ಸಣ್ಣಗೆ ಕುಯ್ಯೆನ್ನಲು ಶುರುವಾಗುತ್ತದೆ, ಗಾಳಿ ಸೋರಿ, ಗಾಳಿ ತುಂಬುವ ಬಾತೆಯನ್ನು ಒತ್ತುವ ಎಡಗೈ ದಣಿಯುತ್ತದೆ. ಗಾಳಿಗಿಂತ ಕೊಂಚ ಮಾತ್ರ ಮೇಲೆ, ಬೆರಳಿಗಿಂತ ಬಹಳ ಕೆಳಗೆ, ಈ ಸಂದಿನಲ್ಲಿ ಸ್ಪ್ರಿಂಗನ್ನು ನಿಲ್ಲಿಸಬೇಕು. ಉಸ್ತಾದರು ಅಲ್ಲಿ ಕೇಳುತ್ತಿದ್ದರು, "ಭಜನಕ್ಕೇನ್ರೀ, ಖಯಾಲಕ್ಕೇನ್ರೀ?" ಭಜನೆಯಲ್ಲಿ ನೂರು ಜನರ ದನಿಯ ನಡುವೆ ಕೇಳಬೇಕು, ಬಾತೆಯನ್ನು ಜೋರಾಗಿ ಒತ್ತುತ್ತಾರೆ, ಗಾಳಿ ಹೆಚ್ಚು, ಆದ್ದರಿಂದ ಸ್ಪ್ರಿಂಗಿಗೂ ಹೆಚ್ಚು ಬಲ ಬೇಕು. ಖಯಾಲಿನ ಹಿಂದೆ ನುಡಿಸುವವರು ಗಾಳಿಯನ್ನು ಅಳೆದು ಬಿಡುತ್ತಾರೆ, ಬೆರಳು ಓಡಬೇಕು. ತಂತಿಯನ್ನು ಇಕ್ಕಳದಿಂದ ಎಳ್ಳಷ್ಟು ಬಾಗಿಸಿ, ಪಟ್ಟಿ ಒತ್ತಿ, ಮತ್ತೆ ಎಳ್ಳಷ್ಟು ಬಾಗಿಸಿ, ಒಂದೊಂದೇ ಪಟ್ಟಿಗೆ ಹೀಗೆ ಮಾಡುತ್ತ ಹೋಗುತ್ತಿದ್ದರು. ಎಲ್ಲ ಪಟ್ಟಿಗಳ ಬಿಗಿಯೂ ಒಂದೇ ಸಮ ಬರಬೇಕು, ಇಲ್ಲದಿದ್ದರೆ ಬೆರಳು ಎಡವುತ್ತದೆ. ಮಳೆಗಾಲದಲ್ಲಿ ಬರುವ ಪೆಟ್ಟಿಗೆಗಳಲ್ಲಿ ಮಾತ್ರ ಸ್ಪ್ರಿಂಗನ್ನು ಮುಟ್ಟುತ್ತಿರಲಿಲ್ಲ. ಕಟ್ಟಿಗೆ ಉಬ್ಬಿ ಪಟ್ಟಿ ಅಂಟುತ್ತಿದೆ, ಮೊದಲು ಒಣಗಲಿ ಎನ್ನುತ್ತಿದ್ದರು.

ಆ ಕೊನೆಯ ಮಾತು ಹ್ಯಾಂಡಲ್ಲಿಗೂ ಸಲ್ಲುತ್ತದೆ. ಭಾರ ಅನ್ನಿಸುವ ಹ್ಯಾಂಡಲ್ಲಿನ ಸ್ಪ್ರಿಂಗು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಸಲಾಕೆಯ ಗುಂಡು ತಿರುಗುವ ಬಟ್ಟಲಿನಲ್ಲಿ ಗ್ರೀಸು ಒಣಗಿ ಧೂಳು ಕಲೆತು ಮೇಣದಂತೆ ಆಗಿರುತ್ತದೆ. ಹಳೆಯದನ್ನು ಒರೆಸಿ ಹೊಸದು ಸ್ವಲ್ಪ ಹಚ್ಚಿದರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ನಡುವೆ ಜೋಲಿ ಹೊಡೆಯುವ ಹ್ಯಾಂಡಲ್ಲಿನಲ್ಲಿ ಬುಗುಡಿ ಸವೆದು ಸ್ವಿಚ್ಚಿಗೆ ತಡವಾಗಿ ತಾಗುತ್ತಿರಬಹುದು. ಮೈಕ್ರೋಸ್ವಿಚ್ಚಿನೊಳಗೂ ತನ್ನದೇ ಒಂದು ಪುಟ್ಟ ಉಕ್ಕಿನ ಪಟ್ಟಿಯ ಸ್ಪ್ರಿಂಗು ಇದೆ, ಕೈಗೆ ತಾಗುವ ಬಿಗಿಯಲ್ಲಿ ಅದರದೂ ಪಾಲಿರುತ್ತದೆ. ಇವನ್ನೆಲ್ಲ ನೋಡಿದ ಮೇಲೆ ದೊಡ್ಡ ಸ್ಪ್ರಿಂಗಿನ ಸರದಿ.

ಮಾಮಾನ ಅಂಗಡಿಗೆ ಹುಡುಗಿಯರು ಬರುತ್ತಿರಲಿಲ್ಲ. ಶಟರಿನ ಹೊರಗೆ ಅಣ್ಣನಿಗಾಗಿ ಕಾಯುತ್ತ ನಿಂತು, ಸಂದಿನಲ್ಲಿ ಇಣುಕಿ ನೋಡುತ್ತಿದ್ದವರು ಇದ್ದರು. ಒಳಗೆ ಬಂದಿದ್ದರೂ ಆ ಹ್ಯಾಂಡಲ್ಲುಗಳು ಅವರ ಕೈಗೆ ಹೊಂದುತ್ತಿರಲಿಲ್ಲ. ದಿನಕ್ಕೆ ಹತ್ತಾರು ದೊಡ್ಡ ಹುಡುಗರು ಗುದ್ದಾಡಿದರೂ ತಡೆಯಲೆಂದು ಬಿಗಿ ಮಾಡಿದ ಮಿಷನ್ನುಗಳು ಅವು. ಎಂಟು ವರ್ಷದ ಮಗುವಿನ ಮಣಿಕಟ್ಟನ್ನು ಆ ಅಂಗಡಿಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದು ಈಗ ನೆನೆದರೆ ಬೇಸರವಾಗುತ್ತದೆ.

ಅಂಥ ಅಂಗಡಿಗಳು ಹೋದವು. ಹ್ಯಾಂಡಲ್ಲುಗಳು ಮಾತ್ರ ಬೇರೆ ದಾರಿಯಿಂದ ತಿರುಗಿ ಬಂದಿವೆ. ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ನಮ್ಮ ಕಡೆಯ ಹುಡುಗರು ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ, ಆನ್‌ಲೈನಿನಲ್ಲಿ ತರಿಸಿದ ಹ್ಯಾಂಡಲ್ಲು, ಬಟನ್ನು ಕೂಡಿಸಿ, ಕಂಪ್ಯೂಟರಿಗೆ ಹಚ್ಚಿ ಅದೇ ಮುಸ್ತಫಾ ಆಡುತ್ತಿದ್ದಾರೆ. ಬಂದ ಸ್ಪ್ರಿಂಗು ಕೈಗೆ ಹಿಡಿಸದಿದ್ದರೆ ಇನ್ನೊಂದು ತರಿಸಿ ವಾರಗಟ್ಟಲೆ ಕಾಯುತ್ತಾರೆ. ಕಾಯುವ ಗರಜಿಲ್ಲ. ಹೆದ್ದಾರಿಯ ಗ್ಯಾರೇಜುಗಳು ಹಾಗೇ ಇವೆ, ಸ್ಪ್ರಿಂಗಿನ ಡಬ್ಬಿಗಳೂ ಇವೆ. ಸ್ಪ್ರಿಂಗಿನ ತಂತಿ ತಂದುಕೊಟ್ಟರೆ ಲೇತಿನವರು ಬೇಕಾದ ಅಗಲಕ್ಕೆ ಸುತ್ತಿಕೊಡುತ್ತಾರೆ. ಹಳೆಯ ಸ್ಪ್ರಿಂಗನ್ನು ಒಯ್ಯಬೇಕು, ತಂತಿಯ ದಪ್ಪವನ್ನು ಅಳೆದು ಬರೆದುಕೊಂಡಿರಬೇಕು, ಹ್ಯಾಂಡಲ್ಲನ್ನೂ ಜೊತೆಗೇ ಒಯ್ದು ಅಲ್ಲೇ ಹಾಕಿ ವಾಲಿಸಿ ನೋಡಬೇಕು. ಯಾವ ಆಟಕ್ಕೆ ಎಂದು ಅವರು ಕೇಳದಿದ್ದರೆ ತಾವೇ ಹೇಳಬೇಕು. ಮನೆಯಲ್ಲಿ ತಂಗಿಯೂ ಆಡುವುದಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ, ಅವಳ ಕೈಗೆ ಕೊಟ್ಟು ವಾಲಿಸಿ ನೋಡಿಸಿ, ಒಂದಿಷ್ಟು ತೆಳ್ಳನೆಯ ತಂತಿಯಲ್ಲಿ ಅವಳಿಗೊಂದು ಬೇರೆ ಸ್ಪ್ರಿಂಗು ಸುತ್ತಿಸಿಕೊಂಡು ಬರಲಿ.